ದುಂಡಗಿದ್ದ ಮಾತ್ರಕ್ಕೆ ಉಲ್ಕಾಕುಳಿಯೆ?

ಜೇವರ್ಗಿ ತಾಲ್ಲೂಕಿನ ಅಂದೋಲಾ ಸುತ್ತಮುತ್ತ ನಿಂತು ನೋಡಿದರೆ ಕಣ್ಣು ಹಾಯುವಷ್ಟು ದೂರ ಹೊಲಗಳು. ಮಳೆಗಾಲದಲ್ಲಿ ತೊಗರಿ, ಹತ್ತಿ, ಹಿಂಗಾರಿಗೆ ಬಿಳಿಜೋಳ. ಈ ಸೀಮೆಯ ಎರೆ ಭೂಮಿಗೆ ತಾಯಿ ಕರಿಗಲ್ಲು. ಭೂವಿಜ್ಞಾನಿಗಳು ಅದನ್ನು ಬಸಾಲ್ಟ್ ಎನ್ನುತ್ತಾರೆ. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾರಸ ಪದರ ಪದರವಾಗಿ ಹರಡಿ, ಆರಿ, ಗಟ್ಟಿಯಾಗಿ ಆದ ಕಲ್ಲು ಅದು. ಇಂದಿಗೂ ಸುಮಾರು ಐದು ಲಕ್ಷ ಚದರ ಕಿಲೋಮೀಟರ್ ನೆಲ ಅದರ ಹೊದಿಕೆಯ ಕೆಳಗಿದೆ. ಆಳಂದ, ಅಫಜಲಪುರಗಳು ಈ ಹೊದಿಕೆಯ ಮೇಲೆಯೇ ಕುಳಿತಿವೆ. ಜೇವರ್ಗಿ, ಚಿತ್ತಾಪುರ, ಶಹಾಪುರಗಳ ಕಡೆ ಹೊದಿಕೆಯ ಅಂಚು ಮುಗಿದು, ಕೆಳಗಿನ ಸುಣ್ಣಕಲ್ಲು ಬಯಲಾಗುತ್ತದೆ. ನಮ್ಮ ಮನೆಗಳ ನೆಲಕ್ಕೆ ಹಾಸುವ ಶಹಾಬಾದ್ ಕಲ್ಲು ಅದೇ.

ಇದೇ ಕರಿಗಲ್ಲಿನ ಮೇಲೆ ಇಲ್ಲಿಂದ ನೇರ ಉತ್ತರಕ್ಕೆ ಮುನ್ನೂರು ಚಿಲ್ಲರೆ ಕಿಲೋಮೀಟರ್ ಹೋದರೆ ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಲೋಣಾರ್ ಸಿಗುತ್ತದೆ. ಅಲ್ಲಿ ಬಯಲಿನ ನಡುವೆ, ಯಾರೋ ಅಳತೆ ಹಿಡಿದು ಕೊರೆದಂತೆ, ಸುಮಾರು 1.8 ಕಿಲೋಮೀಟರ್ ಅಗಲದ ದುಂಡನೆಯ ಕುಳಿ. ಆಳ ಸುಮಾರು ನೂರೈವತ್ತು ಮೀಟರ್. ತಳದಲ್ಲಿ ಉಪ್ಪು ನೀರಿನ ಕೆರೆ. ಕುಳಿಯ ಅಂಚು ಸುತ್ತಲಿನ ನೆಲಕ್ಕಿಂತ ಇಪ್ಪತ್ತು ಮೀಟರಿಗೂ ಎತ್ತರ ಎದ್ದು ನಿಂತಿದೆ. ಇದು ಆಕಾಶದಿಂದ ಬಿದ್ದ ಬಂಡೆಯ ಹೊಡೆತದಿಂದ ಆದದ್ದು ಎಂದು ಇಂದು ಶಾಲೆಯ ಮಕ್ಕಳೂ ಹೇಳುತ್ತಾರೆ. ಆದರೆ ವಿಜ್ಞಾನಿಗಳ ಕಣ್ಣಿಗೆ ಬಿದ್ದ ದಿನದಿಂದ ಲೆಕ್ಕ ಹಾಕಿದರೆ, ಆ ಮಾತು ಸಾಬೀತಾಗಲು ಸರಿಯಾಗಿ ನೂರೈವತ್ತು ವರ್ಷ ಬೇಕಾಯಿತು ಎಂಬುದು ಅಷ್ಟಾಗಿ ಯಾರಿಗೂ ನೆನಪಿಲ್ಲ.

ಈಗ ಉಪಗ್ರಹದ ಚಿತ್ರಗಳು ಪ್ರತಿಯೊಬ್ಬರ ಅಂಗೈಯಲ್ಲಿವೆ. ಕುತೂಹಲದ ಹುಡುಗರು ನಕಾಶೆ ಹಿಗ್ಗಿಸಿ ನೋಡುತ್ತಾರೆ. ತಮ್ಮೂರ ಪಕ್ಕ ದುಂಡನೆಯ ಕೆರೆಯೋ ಗುಡ್ಡಗಳ ಬಳೆಯೋ ಕಂಡರೆ ‘ಇದೂ ಲೋಣಾರಿನಂತೆ ಇರಬಹುದೆ?’ ಎನ್ನುತ್ತಾರೆ. ಪತ್ರಿಕೆಗಳಿಗೂ ಇಂಥ ಸುದ್ದಿ ಬಲು ಪ್ರಿಯ. ಪ್ರಶ್ನೆ ಒಳ್ಳೆಯದೇ. ಉತ್ತರ ಕಂಡುಕೊಳ್ಳುವ ಬಗೆ ಹೇಗೆ ಎಂಬುದಕ್ಕೆ ಲೋಣಾರಿನ ಕಥೆಗಿಂತ ಒಳ್ಳೆಯ ಪಾಠ ನಮ್ಮ ದಖನ್ನಿನಲ್ಲಿ ಇನ್ನೊಂದಿಲ್ಲ.

ಲವಣಾಸುರನ ಗುಂಡಿ

ಲೋಣಾರಿನ ಜನರಿಗೆ ಕುಳಿ ಹೇಗಾಯಿತೆಂಬ ವಿಷಯದಲ್ಲಿ ಅನುಮಾನವೇ ಇರಲಿಲ್ಲ. ಲವಣಾಸುರನೆಂಬ ರಾಕ್ಷಸ ನೆಲದಡಿ ಅಡಗಿದ್ದ. ವಿಷ್ಣು ದೈತ್ಯಸೂದನನಾಗಿ ಬಂದು ಅವನನ್ನು ಕೊಂದ. ಅವನ ಬಿಲವೇ ಈ ಕುಳಿ. ಊರೊಳಗೆ ದೈತ್ಯಸೂದನನ ಸೊಗಸಾದ ಗುಡಿಯೂ ಇದೆ. ಅಕ್ಬರನ ಆಸ್ಥಾನದ ಅಬುಲ್ ಫಜಲ್ ‘ಐನ್-ಇ-ಅಕ್ಬರಿ’ಯಲ್ಲಿ ಬೇರಾರ್ ಸುಬಾದ ವಿವರ ಬರೆಯುವಾಗ ಲೋಣಾರನ್ನು ಬಿಟ್ಟಿಲ್ಲ. ಗಾಜಿಗೂ ಸಾಬೂನಿಗೂ ಬೇಕಾದ ಕ್ಷಾರ ಅಲ್ಲಿ ಸಿಗುತ್ತದೆಂದು ಆತ ದಾಖಲಿಸಿದ್ದಾನೆ. ಅಂದರೆ ಮೊಗಲರ ಖಜಾನೆಗೆ ಈ ಕುಳಿ ವರಮಾನದ ಬಾಬತ್ತು. ಅದು ಹೇಗೆ ಹುಟ್ಟಿತೆಂಬ ಚಿಂತೆ ಖಜಾನೆಗೆ ಏಕೆ?

1823ರಲ್ಲಿ ಅಲೆಕ್ಸಾಂಡರ್ ಎಂಬ ಬ್ರಿಟಿಷ್ ಅಧಿಕಾರಿ ಅಲ್ಲಿಗೆ ಭೇಟಿ ಕೊಟ್ಟ. ಆಗ ಬೇರಾರ್ ಸೀಮೆ ಹೈದರಾಬಾದಿನ ನಿಜಾಮರ ಆಳ್ವಿಕೆಯಲ್ಲಿತ್ತು; ಕಲಬುರಗಿಯೂ ಅದೇ ನಿಜಾಮರದು. (ಅಂದೋಲಾ ಕೂಡ ನಿಜಾಮರ ಕಾಲದಲ್ಲಿ ಒಂದು ತಾಲ್ಲೂಕಿನ ಹೆಸರಾಗಿತ್ತು, ಜೇವರ್ಗಿ ಆ ಪಟ್ಟಕ್ಕೆ ಬಂದದ್ದು ಅನಂತರ.) ಅಲೆಕ್ಸಾಂಡರನ ವರದಿಯ ಬಳಿಕ ಭೂವಿಜ್ಞಾನಿಗಳು ಒಬ್ಬೊಬ್ಬರಾಗಿ ಬಂದರು. ಬಂದವರೆಲ್ಲರ ತೀರ್ಮಾನವೂ ಹೆಚ್ಚು ಕಡಿಮೆ ಒಂದೇ: ಇದು ಜ್ವಾಲಾಮುಖಿಯ ಕೆಲಸ. ಸುತ್ತಲಿನ ಕಲ್ಲೆಲ್ಲ ಲಾವಾ ಆಗಿರುವಾಗ ನಡುವಿನ ದುಂಡನೆಯ ಗುಂಡಿ ಜ್ವಾಲಾಮುಖಿಯ ಬಾಯಲ್ಲದೆ ಮತ್ತೇನು?

ಈ ತರ್ಕದಲ್ಲಿ ಒಂದು ದೊಡ್ಡ ತೊಡಕಿತ್ತು. ದಖನ್ನಿನ ಲಾವಾ ಉಕ್ಕುವುದು ನಿಂತು ಆರು ಕೋಟಿ ವರ್ಷಗಳ ಮೇಲಾಯಿತು. ಕುಳಿಯೋ ನಿನ್ನೆ ಮೊನ್ನೆ ಆದಂತೆ ಹೊಸದಾಗಿದೆ. ಅಂಚು ಕೂಡ ಸವೆದಿಲ್ಲ. ಹೊಸ ಲಾವಾ, ಹೊಸ ಬೂದಿ ಎಲ್ಲಿಯೂ ಇಲ್ಲ. ಈ ತೊಡಕು ವಿದ್ವಾಂಸರಿಗೆ ಕಾಣದೆ ಇರಲಿಲ್ಲ. ಹಾಗಾಗಿ ಕೆಲವರು ನೆಲದಡಿಯ ಹಬೆ ಸಿಡಿದು ಹೀಗಾಯಿತೆಂದರು. ಇನ್ನು ಕೆಲವರು ಕೆಳಗೆ ಟೊಳ್ಳಾಗಿ ಮೇಲಿನ ನೆಲ ಕುಸಿಯಿತೆಂದರು. ಆಕಾಶದ ಕಡೆ ಮಾತ್ರ ಯಾರೂ ತಲೆ ಎತ್ತಲಿಲ್ಲ.

ಅವರನ್ನು ಹಳಿಯುವಂತೆಯೂ ಇಲ್ಲ. ಆಕಾಶದಿಂದ ಕಲ್ಲು ಬೀಳುತ್ತದೆ ಎಂಬುದನ್ನು ಯುರೋಪಿನ ಪಂಡಿತರು ಒಪ್ಪಿಕೊಂಡದ್ದೇ 1800ರ ಆಸುಪಾಸಿನಲ್ಲಿ. ನಮ್ಮ ಕನ್ನಡ ನಾಡಿನಲ್ಲಿಯೂ 1865ರಲ್ಲಿ ಮದ್ದೂರಿನ ಬಳಿ, 1866ರಲ್ಲಿ ಉಡುಪಿಯ ಬಳಿ ಉಲ್ಕಾಶಿಲೆಗಳು ಬಿದ್ದವು. ಆ ಹೆಸರಿನಲ್ಲೇ ಅವು ಜಗತ್ತಿನ ಉಲ್ಕಾಶಿಲೆಗಳ ಪಟ್ಟಿಯಲ್ಲಿವೆ. ಆದರೆ ಹೊಲದಲ್ಲಿ ಬೀಳುವ ಸಣ್ಣ ಕಲ್ಲಿಗೂ ಎರಡು ಕಿಲೋಮೀಟರ್ ಅಗಲದ ಕುಳಿಗೂ ನಡುವಿನ ಅಂತರ ಬಹಳ ದೊಡ್ಡದು. ಆ ಅಂತರ ದಾಟುವ ಧೈರ್ಯ ಆಗ ಯಾರಿಗೂ ಇರಲಿಲ್ಲ.

ಸರಿಯಾದ ಪರೀಕ್ಷೆ, ತಪ್ಪು ತೀರ್ಪು

ಇಲ್ಲಿ ಅಮೆರಿಕದ ಒಂದು ಪ್ರಸಂಗ ಹೇಳಲೇಬೇಕು. ಅರಿಜೋನಾ ಮರುಭೂಮಿಯಲ್ಲಿ ಲೋಣಾರಿನ ತಮ್ಮನಂತೆ ಇರುವ, ಸುಮಾರು 1.2 ಕಿಲೋಮೀಟರ್ ಅಗಲದ ಕುಳಿಯೊಂದಿದೆ. ಅದರ ಸುತ್ತ ಕಬ್ಬಿಣದ ಉಲ್ಕಾಶಿಲೆಯ ಚೂರುಗಳು ಬೇಕಾದಷ್ಟು ಸಿಗುತ್ತಿದ್ದವು. ಆ ದೇಶದ ಹೆಸರಾಂತ ಭೂವಿಜ್ಞಾನಿ ಗ್ರೋವ್ ಕಾರ್ಲ್ ಗಿಲ್ಬರ್ಟ್ 1891ರಲ್ಲಿ ಅಲ್ಲಿಗೆ ಹೋದ. ಆತ ಊಹೆಯ ಮನುಷ್ಯನಲ್ಲ. ಎರಡು ಪರೀಕ್ಷೆಗಳನ್ನು ಮೊದಲೇ ಗೊತ್ತು ಮಾಡಿಕೊಂಡಿದ್ದ. ದೊಡ್ಡ ಕಬ್ಬಿಣದ ಬಂಡೆ ಹೂತಿದ್ದರೆ ದಿಕ್ಸೂಚಿಯ ಮುಳ್ಳು ತಿರುಗಬೇಕು. ಬಂಡೆ ಒಳಗೇ ಜಾಗ ಹಿಡಿದಿದ್ದರೆ, ಅಂಚಿನಲ್ಲಿ ಗುಡ್ಡೆಯಾದ ಮಣ್ಣು ಗುಂಡಿಯ ಗಾತ್ರಕ್ಕಿಂತ ಹೆಚ್ಚಾಗಿರಬೇಕು. ಅಳೆದು ನೋಡಿದ. ಮುಳ್ಳು ಅಲುಗಲಿಲ್ಲ, ಮಣ್ಣಿನ ಲೆಕ್ಕವೂ ಗುಂಡಿಗೆ ಸರಿಹೋಯಿತು. ಹಾಗಾದರೆ ಇದು ಉಲ್ಕೆಯದಲ್ಲ, ಹಬೆಯ ಸ್ಫೋಟ ಎಂದು ಗಿಲ್ಬರ್ಟ್ ತೀರ್ಮಾನಿಸಿದ. 1896ರಲ್ಲಿ ಪ್ರಕಟವಾದ ಆತನ ಪ್ರಬಂಧದಲ್ಲಿ ನಮ್ಮ ಲೋಣಾರಿನ ಹೆಸರೂ ಬರುತ್ತದೆ. ಜ್ವಾಲಾಮುಖಿ ಸೀಮೆಯ ಲೋಣಾರ್ ಕುಳಿ ತನ್ನ ಕುಳಿಯನ್ನೇ ಹೋಲುತ್ತದೆ. ಆದ್ದರಿಂದ ತನ್ನದೂ ಅದೇ ಜಾತಿಯದು ಎಂಬ ವಾದ ಅವನದು.

ಸ್ವಾರಸ್ಯ ನೋಡಿ: ಎರಡೂ ಒಂದೇ ಜಾತಿಯವು ಎಂಬ ಮಾತು ಅಕ್ಷರಶಃ ನಿಜ. ಜಾತಿ ಯಾವುದು ಎಂಬುದಷ್ಟೇ ತಿರುಗಾಮುರುಗಾ ಆಯಿತು. ಸೆಕೆಂಡಿಗೆ ಹದಿನೈದು ಇಪ್ಪತ್ತು ಕಿಲೋಮೀಟರ್ ವೇಗದಲ್ಲಿ ಬಂದ ಬಂಡೆ ನೆಲಕ್ಕೆ ಬಡಿದಾಗ ಗುಂಡಿನಂತೆ ಒಳಗೆ ಹೋಗಿ ಕೂರುವುದಿಲ್ಲ. ಅದರ ವೇಗವೆಲ್ಲ ಒಂದೇ ಕ್ಷಣದಲ್ಲಿ ಶಾಖವೂ ಒತ್ತಡವೂ ಆಗಿ ಬಾಂಬಿನಂತೆ ಸಿಡಿಯುತ್ತದೆ. ಬಂಡೆಯ ಬಹುಪಾಲು ಆವಿಯಾಗಿ, ಕರಗಿ, ಚೂರಾಗಿ ಚೆಲ್ಲಿಹೋಗುತ್ತದೆ. ಹೂತ ಕಬ್ಬಿಣ ಇಲ್ಲವೆಂದರೆ ಉಲ್ಕೆಯೇ ಬಿದ್ದಿಲ್ಲ ಎಂದಾಗುವುದಿಲ್ಲ. ಇದು ಗಿಲ್ಬರ್ಟನಿಗೆ ಗೊತ್ತಿರಲಿಲ್ಲ. ಆತನ ಬಳಿಕ ಬಂದ ಬ್ಯಾರಿಂಜರ್ ಎಂಬ ಗಣಿ ಉದ್ಯಮಿಗೂ ಗೊತ್ತಿರಲಿಲ್ಲ. ಕುಳಿ ಉಲ್ಕೆಯದೇ ಎಂದು ಬ್ಯಾರಿಂಜರ್ ಸರಿಯಾಗಿಯೇ ನಂಬಿದ. ಆದರೆ ಹೂತ ಕಬ್ಬಿಣವನ್ನು ತೆಗೆದು ಮಾರುವ ಆಸೆಯಿಂದ ಕಾಲು ಶತಮಾನ ಕೊರೆಸಿ ಕೊರೆಸಿ ಕೈಸುಟ್ಟುಕೊಂಡ. 1929ರಲ್ಲಿ ಅವನು ತೀರಿಕೊಂಡಾಗ ಕೈಗೆ ಬಂದ ಲೋಹ ಸೊನ್ನೆ.

ಕಲ್ಲಿನೊಳಗಿನ ಸಾಕ್ಷಿ

ಗಂಟು ಬಿಚ್ಚಿದ್ದು 1960ರಲ್ಲಿ, ಸಾಸಿವೆಗಿಂತ ಸಣ್ಣ ಹರಳುಗಳಿಂದ. 1953ರಲ್ಲಿ ಲೋರಿಂಗ್ ಕೋಸ್ ಎಂಬ ರಸಾಯನ ವಿಜ್ಞಾನಿ ಪ್ರಯೋಗಶಾಲೆಯಲ್ಲಿ ಬೆಣಚುಕಲ್ಲಿನ ವಸ್ತುವನ್ನು ಭಾರೀ ಒತ್ತಡಕ್ಕೆ ಒಳಪಡಿಸಿ ಹೊಸ ಹರಳೊಂದನ್ನು ಪಡೆದಿದ್ದ. ಅದಕ್ಕೆ ಕೋಯಿಸೈಟ್ ಎಂದು ಹೆಸರಾಯಿತು. ಏಳು ವರ್ಷದ ಬಳಿಕ ಚಾವೋ, ಶೂಮೇಕರ್ ಮತ್ತು ಮ್ಯಾಡ್ಸನ್ ಎಂಬವರು ಅದೇ ಹರಳನ್ನು ಅರಿಜೋನಾ ಕುಳಿಯ ಮರಳುಗಲ್ಲಿನಲ್ಲಿ ಕಂಡರು. ಜ್ವಾಲಾಮುಖಿ ಎಷ್ಟೇ ಆರ್ಭಟಿಸಿದರೂ ನೆಲದ ಮೇಲ್ಮೈಯಲ್ಲಿ ಅಂಥ ಒತ್ತಡ ಹುಟ್ಟಿಸಲಾರದು. ಅದು ಆಕಾಶದ ಹೊಡೆತಕ್ಕೆ ಮಾತ್ರ ಸಾಧ್ಯ.

ಶೂಮೇಕರ್ ಅಲ್ಲಿಗೆ ನಿಲ್ಲಲಿಲ್ಲ. ಜರ್ಮನಿಯ ನ್ಯೋರ್ಡ್ಲಿಂಗನ್ ಎಂಬ ಊರು 24 ಕಿಲೋಮೀಟರ್ ಅಗಲದ ದುಂಡನೆಯ ತಗ್ಗಿನೊಳಗೆ ಇದೆ. ಆ ತಗ್ಗು ಜ್ವಾಲಾಮುಖಿಯದೆಂದೇ ಅಲ್ಲಿಯ ಪಂಡಿತರು ನಂಬಿದ್ದರು. ಊರ ನಡುವಿನ ಸಂತ ಜಾರ್ಜರ ಇಗರ್ಜಿಯನ್ನು ಸ್ಥಳೀಯ ಕಲ್ಲಿನಿಂದಲೇ ಕಟ್ಟಿದ್ದಾರೆ. ಶೂಮೇಕರ್ ಆ ಗೋಡೆಯನ್ನು ನೋಡಿಯೇ ಅನುಮಾನಪಟ್ಟನಂತೆ. ಅಲ್ಲಿಯ ಕಲ್ಲಿನಲ್ಲೂ ಕೋಯಿಸೈಟ್ ಸಿಕ್ಕಿತು. ಶತಮಾನಗಳಿಂದ ಭಕ್ತರು ಒರಗಿ ನಿಂತ ಗೋಡೆಯಲ್ಲೇ ಸಾಕ್ಷಿ ಕುಳಿತಿತ್ತು.

ಅಲ್ಲಿಂದಾಚೆಗೆ ವಿಜ್ಞಾನಿಗಳು ಒಪ್ಪುವ ಸಾಕ್ಷಿಗಳ ಪಟ್ಟಿ ಬೆಳೆಯಿತು. ದೊಡ್ಡದಾಗದೆ, ಬಿಗಿಯಾಗಿಯೇ ಬೆಳೆಯಿತು ಎನ್ನಬೇಕು. ಬರಿಗಣ್ಣಿಗೆ ಕಾಣುವ ಸಾಕ್ಷಿ ಒಂದೇ: ಕಲ್ಲಿನಲ್ಲಿ ಕುದುರೆಯ ಬಾಲ ಹರಡಿದಂತೆ ಒಂದು ತುದಿಯಿಂದ ಬಿಚ್ಚಿಕೊಳ್ಳುವ ಶಂಕುವಿನಾಕಾರದ ಬಿರುಕು ಗೆರೆಗಳು. ಉಳಿದವೆಲ್ಲ ಸೂಕ್ಷ್ಮದರ್ಶಕದ ಕೆಲಸ. ಬೆಣಚಿನ ಹರಳನ್ನು ಕೂದಲಿಗಿಂತ ತೆಳ್ಳಗೆ ಸೀಳಿ ನೋಡಿದರೆ, ಒಂದಕ್ಕೊಂದು ಸಮಾನಾಂತರವಾಗಿ ಒತ್ತೊತ್ತಾಗಿ ಎಳೆದ ಗೆರೆಗಳ ತಂಡಗಳು ಕಾಣಬೇಕು. ವಾಯುಮಂಡಲದ ಒತ್ತಡದ ಲಕ್ಷ ಪಟ್ಟು ಬಿದ್ದಾಗ ಮಾತ್ರ ಅಂಥ ಗೆರೆ ಮೂಡುತ್ತದೆ. ಇಲ್ಲವೆ ಕೋಯಿಸೈಟಿನಂಥ ಹರಳು ಸಿಗಬೇಕು. ಇಲ್ಲವೆ ಕರಗಿದ ಕಲ್ಲಿನಲ್ಲಿ ಇರಿಡಿಯಂ, ಆಸ್ಮಿಯಂನಂಥ ಧಾತುಗಳು ಭೂಮಿಯ ಮೇಲ್ಪದರದಲ್ಲಿ ಇರುವುದಕ್ಕಿಂತ ಹೆಚ್ಚಾಗಿದ್ದು, ಉಲ್ಕೆಯ ಬೆರಕೆಯನ್ನು ತೋರಿಸಬೇಕು. ಇಲ್ಲವೆ ಉಲ್ಕೆಯ ಚೂರೇ ಕೈಗೆ ಸಿಗಬೇಕು. ದುಂಡನೆಯ ಆಕಾರ, ಉಪಗ್ರಹ ಚಿತ್ರ, ಗುರುತ್ವದ ಅಳತೆಯಲ್ಲಿ ಏರುಪೇರು ಇವೆಲ್ಲ ‘ಇಲ್ಲಿ ಹುಡುಕಿ’ ಎಂದು ಹೇಳಬಲ್ಲವು, ಅಷ್ಟೇ. ಈ ಕಟ್ಟುನಿಟ್ಟಿನಿಂದಾಗಿಯೇ ಇಡೀ ಭೂಮಿಯಲ್ಲಿ ಖಚಿತವಾದ ಉಲ್ಕಾಕುಳಿಗಳ ಸಂಖ್ಯೆ ಇನ್ನೂ ಇನ್ನೂರರ ಆಸುಪಾಸಿನಲ್ಲೇ ಇದೆ.

ಬೆಣಚಿಲ್ಲದ ಕಲ್ಲಿಗೆ ಏನು ಮಾಡುವುದು?

ಲೋಣಾರಿಗೆ ಮರಳೋಣ. 1964ರಲ್ಲಿ ಲಾಫಾಂಡ್ ಮತ್ತು ಡೀಟ್ಸ್ ಎಂಬ ಇಬ್ಬರು ವಿಜ್ಞಾನಿಗಳು ‘ಇದು ಉಲ್ಕಾಕುಳಿಯೆ?’ ಎಂದು ಪ್ರಶ್ನೆಯ ರೂಪದಲ್ಲೇ ಲೇಖನ ಬರೆದರು. ಅಂಚಿನಲ್ಲಿ ಲಾವಾ ಪದರಗಳು ಹೊರಮುಖವಾಗಿ ವಾಲಿವೆ, ಕೆಲವೆಡೆ ಪುಟ ಮಗುಚಿದಂತೆ ತಿರುವಿ ಬಿದ್ದಿವೆ. ಕುಸಿದ ನೆಲ ಒಳಗೆ ವಾಲಬೇಕಲ್ಲದೆ ಹೊರಗೆ ಮಗುಚುವುದಿಲ್ಲ. ಅನುಮಾನ ಗಟ್ಟಿಯಾಯಿತು. ಸಾಕ್ಷಿ ಮಾತ್ರ ಬೇಕಿತ್ತು.

ಇಲ್ಲೊಂದು ಕಷ್ಟ. ಅರಿಜೋನಾದಲ್ಲೂ ಜರ್ಮನಿಯಲ್ಲೂ ಸಾಕ್ಷಿ ಹೇಳಿದ್ದು ಬೆಣಚು. ದಖನ್ನಿನ ಬಸಾಲ್ಟ್ ಕಲ್ಲಿನ ಮೂಲ ಘಟಕಗಳಲ್ಲಿ ಬೆಣಚು ಇಲ್ಲವೆಂದೇ ಹೇಳಬೇಕು. ಅದರಲ್ಲಿರುವುದು ಪ್ಲಾಜಿಯೋಕ್ಲೇಸ್ ಎಂಬ ಬಿಳಿ ಖನಿಜ, ಪೈರಾಕ್ಸಿನ್ ಎಂಬ ಕಪ್ಪು ಖನಿಜ. ಹಾಗಾದರೆ ಯಾರನ್ನು ಸಾಕ್ಷಿಗೆ ಕರೆಯುವುದು?

ಉತ್ತರ ಬಿಹಾರದಿಂದ ಬಂತು. ಅದೂ ಶತಮಾನದ ಹಿಂದೆಯೇ! 1865ರ ಆಗಸ್ಟ್ 25ರಂದು ಗಯಾ ಬಳಿಯ ಶೇರ್‌ಘಾಟಿಯಲ್ಲಿ ಉಲ್ಕಾಶಿಲೆಯೊಂದು ಬಿದ್ದಿತ್ತು. ನಮ್ಮ ಮದ್ದೂರಿನ ಉಲ್ಕೆ ಬಿದ್ದದ್ದಕ್ಕೆ ಒಂದು ತಿಂಗಳು ಮುಂಚೆ. 1872ರಲ್ಲಿ ಚೆರ್ಮಾಕ್ ಎಂಬ ಆಸ್ಟ್ರಿಯಾದ ಖನಿಜ ಶಾಸ್ತ್ರಜ್ಞ ಅದನ್ನು ಪರೀಕ್ಷಿಸಿ, ಅದರಲ್ಲಿ ವಿಚಿತ್ರ ವಸ್ತುವೊಂದನ್ನು ಗುರುತಿಸಿದ. ಹೊರಗಿನ ರೂಪ ಪ್ಲಾಜಿಯೋಕ್ಲೇಸ್ ಹರಳಿನದು. ಒಳಗೆ ಮಾತ್ರ ಹರಳಿನ ವ್ಯವಸ್ಥೆ ಚೆದುರಿ ಗಾಜಾಗಿದೆ. ಅದಕ್ಕೆ ಮಾಸ್ಕೆಲಿನೈಟ್ ಎಂದು ಹೆಸರಿಟ್ಟ. ಹರಳು ಕರಗದೆಯೇ, ಬರಿಯ ಹೊಡೆತದಿಂದ ಗಾಜಾದರೆ ಹಾಗಾಗುತ್ತದೆ ಎಂಬುದು ಬಹಳ ಕಾಲದ ಮೇಲೆ ತಿಳಿಯಿತು. (ಶೇರ್‌ಘಾಟಿಯ ಆ ಕಲ್ಲು ಮಂಗಳ ಗ್ರಹದಿಂದ ಸಿಡಿದು ಬಂದದ್ದೆಂದು ಈಗ ವಿಜ್ಞಾನಿಗಳು ಒಪ್ಪಿದ್ದಾರೆ. ಅದು ಇನ್ನೊಂದು ದೊಡ್ಡ ಕಥೆ.)

1972ರಲ್ಲಿ ಸಾಗರ ವಿಶ್ವವಿದ್ಯಾಲಯದ ವಿ. ಕೆ. ನಾಯಕ್ ಅವರು ಲೋಣಾರಿನ ಸುತ್ತ ಸಿಕ್ಕ ಗಾಜಿನ ತುಣುಕುಗಳನ್ನು ವರ್ಣಿಸಿ, ಇವು ಉಲ್ಕೆಯ ಹೊಡೆತಕ್ಕೆ ಹೊಸ ಸಾಕ್ಷಿ ಇರಬಹುದೆಂದರು. ಮರುವರ್ಷ ಅಂತಿಮ ತೀರ್ಪು ಬಂತು. ಕೆರೆಯ ತಳದಲ್ಲಿ ಕೊಳವೆ ಕೊರೆದು ಕಲ್ಲು ಹೊರತೆಗೆಯಲಾಗಿತ್ತು. ಸುಮಾರು ನೂರು ಮೀಟರ್ ಹೂಳು ದಾಟಿದ ಮೇಲೆ ಸಿಕ್ಕಿದ್ದು ಪುಡಿಪುಡಿಯಾಗಿ ಮತ್ತೆ ಬೆಸೆದ ನುಚ್ಚುಗಲ್ಲು. ಆ ನುಚ್ಚಿನಲ್ಲಿ ಮಾಸ್ಕೆಲಿನೈಟ್ ಇತ್ತು! ಅಮೆರಿಕದ ಫ್ರೆಡ್ರಿಕ್ಸನ್ ಮತ್ತು ಮಿಲ್ಟನ್, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯ ದುಬೆ ಮತ್ತು ಬಾಲಸುಂದರಂ ಸೇರಿ 1973ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಇದನ್ನು ಪ್ರಕಟಿಸಿದರು. ಚಂದ್ರನಿಂದ ಅಪೊಲೋ ಯಾತ್ರಿಗಳು ಬಸಾಲ್ಟ್ ಕಲ್ಲು ತಂದ ಕಾಲ ಅದು. ಚಂದ್ರನ ಕುಳಿಗಳಿಗೆ ಭೂಮಿಯ ಮೇಲೆ ಹೋಲಿಕೆ ಹುಡುಕುತ್ತಿದ್ದವರಿಗೆ ಬಸಾಲ್ಟ್ ಮೇಲಿನ ಲೋಣಾರ್ ದೊಡ್ಡ ನಿಧಿಯಾಯಿತು. 1979ರಲ್ಲಿ ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆನಿಸಿತು. ಜೂನ್ 2020ರಲ್ಲಿ ಕೆರೆಯ ನೀರು ಒಮ್ಮೆಲೇ ಗುಲಾಬಿ ಬಣ್ಣಕ್ಕೆ ತಿರುಗಿ ದೇಶವೆಲ್ಲ ಮಾತಾಡಿತು. ಉಪ್ಪುಪ್ರಿಯ ಸೂಕ್ಷ್ಮಜೀವಿಗಳ ಆಟ ಅದು. ಅದೇ ವರ್ಷ ಕೆರೆ ರಾಮ್ಸರ್ ಪಟ್ಟಿಗೂ ಸೇರಿತು.

ಕುಳಿ ಉಲ್ಕೆಯದೆಂಬುದು ತೀರ್ಮಾನವಾದರೂ ಅದರ ವಯಸ್ಸಿನ ಜಗಳ ಮುಗಿಯಲಿಲ್ಲ. ಒಂದು ವಿಧಾನದಲ್ಲಿ ಅಳೆದವರು ಸುಮಾರು 52 ಸಾವಿರ ವರ್ಷ ಎಂದರು. 2011ರಲ್ಲಿ ಗಾಜಿನೊಳಗಿನ ಆರ್ಗಾನ್ ಅನಿಲವನ್ನು ಅಳೆದವರು ಸುಮಾರು 5 ಲಕ್ಷ 70 ಸಾವಿರ ವರ್ಷ ಎಂದರು. ಹತ್ತು ಪಟ್ಟಿಗಿಂತ ಹೆಚ್ಚಿನ ವ್ಯತ್ಯಾಸ! ಲೋಣಾರಿನಿಂದ ಅರ್ಧ ಮೈಲಿಯೂ ಇಲ್ಲದ ದೂರದಲ್ಲಿ ಅಂಬರ್ ಎಂಬ ಸಣ್ಣ ದುಂಡು ಕೆರೆಯಿದೆ. ಅದು ಅದೇ ಉಲ್ಕೆಯ ತುಂಡು ಬಿದ್ದು ಆದದ್ದೆಂದು ಬಹಳ ಜನ ಬರೆದರು. ಲೋಣಾರಿನಂಥ ಸಾಕ್ಷಿ ಅಲ್ಲಿ ಸಿಕ್ಕಿಲ್ಲ. ಹಾಗಾಗಿ ಪಕ್ಕದಲ್ಲೇ ಇದ್ದರೂ ಅದಕ್ಕೆ ಪಟ್ಟಿಯಲ್ಲಿ ಜಾಗವಿಲ್ಲ.

ನಮ್ಮ ಸೀಮೆಯ ವೇಷಧಾರಿಗಳು

ಈಗ ಅಂದೋಲಾ ಕಡೆ ಯಾರಾದರೂ ಉಲ್ಕೆಯ ಗುರುತು ಹುಡುಕಲು ಹೊರಟರೆ ಏನೇನು ಅವರ ಕಣ್ಣು ತಪ್ಪಿಸಬಹುದು? ಬೇಕಾದಷ್ಟಿದೆ. ಮೊದಲನೆಯದು ಕರಿಗಲ್ಲೇ. ಬಸಾಲ್ಟ್ ಕಲ್ಲು ಬಿಸಿಲು ಮಳೆಗೆ ಈರುಳ್ಳಿಯಂತೆ ಪದರ ಪದರವಾಗಿ ಕಳಚಿ, ನಡುವೆ ಗಟ್ಟಿ ಗುಂಡು ಉಳಿಯುತ್ತದೆ. ಕಪ್ಪಗೆ, ಭಾರವಾಗಿ, ದುಂಡಗಿರುವ ಈ ಗುಂಡನ್ನು ‘ಆಕಾಶದ ಕಲ್ಲು’ ಎಂದರೆ ನಂಬದವರು ಕಡಿಮೆ. ಹಳೆಯ ಕಾಲದ ಕುಲುಮೆಗಳ ಕಬ್ಬಿಣದ ಕಿಟ್ಟವೂ ಹಾಗೆಯೇ. ಕರಗಿದ ಮೈ, ಗಾಜಿನ ಹೊಳಪು, ಒಮ್ಮೊಮ್ಮೆ ಅಯಸ್ಕಾಂತಕ್ಕೂ ಅಂಟುತ್ತದೆ. ಕಿಟ್ಟದಲ್ಲಿ ಗುಳ್ಳೆಗಳ ತೂತುಗಳಿರುತ್ತವೆ, ಉಲ್ಕಾಶಿಲೆಯಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಉಲ್ಕೆಯ ಕಬ್ಬಿಣದಲ್ಲಿ ನಿಕಲ್ ಇರುತ್ತದೆ, ಕುಲುಮೆಯ ಕಿಟ್ಟದಲ್ಲಿ ಅದು ಹಾಗೆ ಕಾಣಸಿಗದು.

ಇನ್ನು ನುಚ್ಚುಗಲ್ಲು. ಲೋಣಾರಿನ ತಳದಲ್ಲಿ ಅದು ಸಿಕ್ಕಿತೆಂದು ಎಲ್ಲೆಲ್ಲೂ ಅದನ್ನು ನಂಬುವಂತಿಲ್ಲ. ಶಹಾಪುರ ತಾಲ್ಲೂಕಿನ ಗೋಗಿಯಲ್ಲಿ ಭೀಮಾ ಕೊಳ್ಳದ ಸುಣ್ಣಕಲ್ಲು ನುಚ್ಚುನುಚ್ಚಾಗಿ ಬೆಸೆದಿದೆ. ಯುರೇನಿಯಂ ಅದಿರು ಸಿಕ್ಕಿದ್ದು ಆ ನುಚ್ಚಿನಲ್ಲೇ. ಅಲ್ಲಿ ಉಲ್ಕೆ ಏನೂ ಬಿದ್ದಿಲ್ಲ. ನೆಲದಲ್ಲಿ ಸೀಳು ಬಿಟ್ಟು ಎರಡು ಕಡೆಯ ಬಂಡೆಗಳು ಉಜ್ಜಿಕೊಂಡು ಕಲ್ಲು ಪುಡಿಯಾಯಿತು. ಸುಣ್ಣಕಲ್ಲಿನ ಸೀಮೆಯಲ್ಲಿ ನೀರು ಕಲ್ಲನ್ನು ಕರಗಿಸಿ ಮೇಲಿನ ನೆಲ ದುಂಡಗೆ ಕುಸಿಯುವುದೂ ಉಂಟು.

ಎಲ್ಲಕ್ಕಿಂತ ಸೊಗಸಾದ ಉದಾಹರಣೆ ಬೂದಿ ದಿಬ್ಬಗಳದು. ಬಳ್ಳಾರಿ ಬಳಿಯ ಕುಡತಿನಿ, ಸುರಪುರ ಸೀಮೆಯ ಬೂದಿಹಾಳ ಮುಂತಾದೆಡೆ ಇವು ಇವೆ. ಕೆಲವು ದಿಬ್ಬಗಳಲ್ಲಿ ಬೂದಿ ಕರಗಿ ಗಾಜಿನಂತೆ, ಕಿಟ್ಟದಂತೆ ಗಟ್ಟಿಯಾಗಿದೆ. ಹಂಪಿ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಬೂದಿ ಎಂದರು. ಇನ್ನು ಕೆಲವರು ಇವನ್ನು ಜ್ವಾಲಾಮುಖಿಯ ಕೆಲಸವೆಂದರು. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲೇ ಕ್ಯಾಪ್ಟನ್ ನ್ಯೂಬೋಲ್ಡ್ ಇವನ್ನು ಪರೀಕ್ಷಿಸಿ ಜ್ವಾಲಾಮುಖಿಯ ಮಾತನ್ನು ತಳ್ಳಿಹಾಕಿದ. ಆದರೆ ಮತ್ತೇನು ಎಂಬ ಪ್ರಶ್ನೆ ಉಳಿಯಿತು. 1957ರಲ್ಲಿ ಆಲ್ಚಿನ್ ರಾಯಚೂರಿನ ಆಚೆಯ ಉಟ್ನೂರಿನಲ್ಲಿ ದಿಬ್ಬವನ್ನು ಅಗೆದಾಗ ಬೂದಿಯ ಪದರಗಳ ನಡುವೆ ದನಗಳ ಗೊರಸಿನ ಗುರುತು, ದೊಡ್ಡಿಯ ಬೇಲಿ ಕಂಬಗಳ ಕುಳಿಗಳು ಸಿಕ್ಕವು. ನಾಲ್ಕೈದು ಸಾವಿರ ವರ್ಷಗಳ ಹಿಂದಿನ ದನಗಾಹಿಗಳು ಸೆಗಣಿಯ ರಾಶಿಗೆ ಮತ್ತೆ ಮತ್ತೆ ಬೆಂಕಿಯಿಟ್ಟು ಆದ ದಿಬ್ಬಗಳಿವು! 1990ರ ದಶಕದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯ ಅವರು ಬೂದಿಹಾಳದಲ್ಲಿ ನಡೆಸಿದ ಉತ್ಖನನ ದಿಬ್ಬದ ಜೊತೆಗಿದ್ದ ಇಡೀ ಹಳ್ಳಿಯ ಬಾಳನ್ನೇ ಬಿಚ್ಚಿಟ್ಟಿತು. ಬೇಸರದ ಸಂಗತಿಯೆಂದರೆ ವಿದ್ವಾಂಸರು ವಾದ ಮಾಡುತ್ತಿದ್ದಷ್ಟು ಕಾಲ ರೈತರು ಒಳ್ಳೆಯ ಗೊಬ್ಬರವೆಂದು ಎಷ್ಟೋ ದಿಬ್ಬಗಳನ್ನು ಗಾಡಿಗೆ ತುಂಬಿ ಸಾಗಿಸಿದರು. ಅವರದೂ ತಪ್ಪಲ್ಲ, ಅದು ಏನೆಂದು ಅವರಿಗೆ ಹೇಳಿದವರು ಯಾರು?

ಜೇವರ್ಗಿ ಸೀಮೆಗೇ ಸೇರಿದ ಇನ್ನೊಂದು ಪ್ರಸಂಗವಿದೆ. ಸುರಪುರ ಸಂಸ್ಥಾನದ ಆಡಳಿತ ನೋಡಿಕೊಳ್ಳುತ್ತಿದ್ದ ಮೆಡೋಸ್ ಟೇಲರ್ ಈ ಕಡೆಯ ಹೊಲಗಳಲ್ಲಿ ದುಂಡಗೆ ಜೋಡಿಸಿದ ಕಲ್ಲುಗಳ ವೃತ್ತಗಳನ್ನು ಕಂಡ. ಉತ್ತರ ಕರ್ನಾಟಕದಲ್ಲಿ ಇಂಥ ಹಳೆಯ ಕಲ್ಲು ರಚನೆಗಳನ್ನು ಕುಳ್ಳ ಜನರಾದ ಮೋರಿಯರ ಮನೆಗಳೆಂದು ಕರೆಯುವುದುಂಟು. ಟೇಲರ್ ಕಥೆ ಬರೆದುಕೊಂಡು ಸುಮ್ಮನಾಗದೆ ಜೇವರ್ಗಿಯ ಬಳಿ ಅಗೆಸಿದ. ಮನುಷ್ಯರ ಮೂಳೆಗಳೂ ಮಡಕೆಗಳೂ ಬಂದವು, ಅವು ಸಮಾಧಿಗಳಾಗಿದ್ದವು. 1850ರ ಆಸುಪಾಸಿನಲ್ಲಿ, ಅಗೆಯುವ ವಿದ್ಯೆಗೆ ಇನ್ನೂ ನಿಯಮವೇ ಇಲ್ಲದಿದ್ದಾಗ, ಈತ ಪದರ ಪದರವಾಗಿ ನೋಡಿ ಚಿತ್ರ ಬರೆದಿಟ್ಟದ್ದನ್ನು ಪುರಾತತ್ವಜ್ಞರು ಇಂದಿಗೂ ಮೆಚ್ಚುತ್ತಾರೆ.

ಒಪ್ಪಿಗೆಯಾದವು, ಕಾದಿರುವವು

ಲೋಣಾರಿನ ಬಳಿಕ ಭಾರತದಲ್ಲಿ ಸಾಬೀತಾದ ಕುಳಿಗಳು ಬೆರಳೆಣಿಕೆಯವು. ಮಧ್ಯಪ್ರದೇಶದ ಶಿವಪುರಿ ಜಿಲ್ಲೆಯ ಢಾಲಾ ಅವುಗಳಲ್ಲಿ ಒಂದು. ಸುಮಾರು 11 ಕಿಲೋಮೀಟರ್ ಅಗಲ, ವಯಸ್ಸು ನೂರೈವತ್ತು ಕೋಟಿ ವರ್ಷಗಳಿಗೂ ಮೇಲು. ಅಷ್ಟು ಹಳೆಯದಾದ್ದರಿಂದ ಕುಳಿಯ ರೂಪವೇ ಅಳಿಸಿಹೋಗಿದೆ. ಮೊದಲು ಅದನ್ನೂ ಜ್ವಾಲಾಮುಖಿಯ ಬಟ್ಟಲೆಂದೇ ಭಾವಿಸಿದ್ದರು. ಅಲಹಾಬಾದ್ ವಿಶ್ವವಿದ್ಯಾಲಯದ ಜಯಂತ ಪತಿ ಮತ್ತು ಸಂಗಡಿಗರು ಬೆಣಚಿನ ಹರಳಿನಲ್ಲಿ ಗೆರೆಗಳನ್ನು ತೋರಿಸಿದ ಮೇಲೆ 2008ರ ಹೊತ್ತಿಗೆ ಮಾತು ನಿಂತಿತು.

ರಾಜಸ್ಥಾನದ ಬಾರಾಂ ಜಿಲ್ಲೆಯ ರಾಮಗಢದ ಕಥೆ ಇದಕ್ಕೆ ತದ್ವಿರುದ್ಧ. ಅಲ್ಲಿ ರೂಪ ಕಣ್ಣಿಗೆ ಹೊಡೆಯುತ್ತದೆ. ಬಯಲಿನ ನಡುವೆ ಬೆಟ್ಟಗಳ ಉಂಗುರ, ಒಳಗೆ ಹಳೆಯ ದೇವಾಲಯ. 1869ರಲ್ಲೇ ಮ್ಯಾಲೆಟ್ ಎಂಬ ಭೂವಿಜ್ಞಾನಿ ಅದನ್ನು ದಾಖಲಿಸಿದ್ದ. ಉಲ್ಕೆಯ ಮಾತು 1970ರ ದಶಕದಿಂದ ಓಡಾಡುತ್ತಿತ್ತು. ಆದರೂ ಬೆಣಚಿನಲ್ಲಿ ಖಚಿತ ಗೆರೆಗಳನ್ನು ತೋರಿಸಿದ ಪ್ರಬಂಧ ಬಂದದ್ದು 2020ರಲ್ಲಿ. ಜೊತೆಗೊಂದು ಅಚ್ಚರಿಯೂ ಬಂತು. ಎಲ್ಲರೂ ಕುಳಿಯ ಅಂಚೆಂದುಕೊಂಡಿದ್ದ ಬೆಟ್ಟದ ಉಂಗುರ ಅಂಚೇ ಅಲ್ಲ; ಹೊಡೆತದ ಬಳಿಕ ನಡುವೆ ಪುಟಿದೆದ್ದ ಭಾಗ ಅದು. ನಿಜವಾದ ಕುಳಿ ಸುಮಾರು 10 ಕಿಲೋಮೀಟರ್ ಅಗಲದ್ದು.

ಮುಂಬೈ ಆಚೆಯ ಸಮುದ್ರದಡಿ ಸುಮಾರು 500 ಕಿಲೋಮೀಟರ್ ಅಗಲದ ‘ಶಿವ’ ಕುಳಿಯಿದೆ, ಡೈನೊಸಾರ್‌ಗಳು ಅಳಿದದ್ದರಲ್ಲಿ ಅದಕ್ಕೂ ಪಾಲಿದೆ ಎಂದು ಶಂಕರ ಚಟರ್ಜಿ 1990ರ ದಶಕದಿಂದ ವಾದಿಸುತ್ತ ಬಂದರು. ಹೆಸರು ಆಕರ್ಷಕ, ಅಳತೆ ಭಾರೀ. ಕಲ್ಲಿನ ಸಾಕ್ಷಿ ಮಾತ್ರ ವಿಜ್ಞಾನಿಗಳಿಗೆ ಒಪ್ಪಿಗೆಯಾಗಲಿಲ್ಲ.

ಕರ್ನಾಟಕದ ನೆಲದಲ್ಲಿ ಖಚಿತವಾದ ಉಲ್ಕಾಕುಳಿ ಒಂದೂ ಇಲ್ಲ. ಆದರೆ ಕರ್ನಾಟಕದ ಭೂವಿಜ್ಞಾನಿಗಳು ಮುಂದಿಟ್ಟ ಬಹು ದೊಡ್ಡ ವಾದವೊಂದು ಇದೆ. ಮಂಗಳೂರು ವಿಶ್ವವಿದ್ಯಾಲಯದಲ್ಲಿದ್ದ ಕೆ. ಆರ್. ಸುಬ್ರಹ್ಮಣ್ಯ ಮತ್ತು ಮೈಸೂರು ವಿಶ್ವವಿದ್ಯಾಲಯದ ಕೆ. ಎನ್. ಪ್ರಕಾಶ ನರಸಿಂಹ ಅವರು 2017ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ‘ಕಾವೇರಿ ಕುಳಿ’ಯನ್ನು ಮಂಡಿಸಿದರು. ನೀಲಗಿರಿ, ಶೇರ್ವರಾಯನ್ ಮುಂತಾದ ಬೆಟ್ಟಗಳು ಸುತ್ತುವರಿದ, ಕಾವೇರಿ ಹರಿಯುವ ತಮಿಳುನಾಡಿನ ಬಯಲೇ ಸುಮಾರು 120 ಕಿಲೋಮೀಟರ್ ಅಗಲದ ಪುರಾತನ ಉಲ್ಕಾಕುಳಿಯ ಅವಶೇಷ ಎಂಬುದು ಅವರ ವಾದ. ಬರಿಯ ನಕಾಶೆ ನೋಡಿ ಹೇಳಿದ ಮಾತಲ್ಲ. ಕಲ್ಲಿನ ಗುರುತುಗಳನ್ನೂ ಅವರು ಸಾಕ್ಷಿಗೆ ತಂದಿದ್ದಾರೆ. ಒಪ್ಪಿಗೆಯಾದರೆ ಅದು ಭೂಮಿಯ ಅತಿದೊಡ್ಡ ಕುಳಿಗಳ ಸಾಲಿಗೆ ಸೇರುತ್ತದೆ.

ಕಷ್ಟ ಇರುವುದು ಆ ನೆಲದ ಸ್ವಭಾವದಲ್ಲಿ. ಪಾಲಕ್ಕಾಡ್–ಕಾವೇರಿ, ಮೋಯಾರ್–ಭವಾನಿ ಎಂದು ಕರೆಯುವ ಭಾರೀ ಬಿರುಕು ವಲಯಗಳು ಅದೇ ಪ್ರದೇಶವನ್ನು ಹಾದುಹೋಗಿವೆ. ಅಲ್ಲಿ ಬಂಡೆಗಳು ಕೋಟಿಗಟ್ಟಲೆ ವರ್ಷ ತಿಕ್ಕಾಡಿವೆ. ತಿಕ್ಕಾಟದ ಕಾವಿಗೂ ಕಲ್ಲು ಕರಗಿ ಕಪ್ಪು ಗಾಜಿನ ಎಳೆಗಳಾಗುತ್ತದೆ, ನುಚ್ಚಾಗುತ್ತದೆ, ಬೆಣಚಿನ ಹರಳಿನಲ್ಲೂ ಬಾಗಿದ ಗೆರೆಗಳು ಮೂಡುತ್ತವೆ. ಹೊಡೆತದ ಗೆರೆ ನೇರ, ತೆಳು, ಹರಳಿನ ನಿಗದಿತ ಕೋನಗಳಿಗೆ ಹೊಂದಿಕೊಂಡದ್ದು. ತಿಕ್ಕಾಟದ ಗೆರೆ ದಪ್ಪ, ಬಾಗಿದ್ದು. ಒಂದೊಂದು ಹರಳನ್ನೂ ತಿರುಗಿಸಿ, ಕೋನ ಅಳೆದು, ನೂರಾರು ಅಳತೆಗಳನ್ನು ಪಟ್ಟಿಮಾಡಿ, ಅದನ್ನೇ ಬೇರೆಯವರೂ ಬೇರೆ ಕಡೆಯ ಪ್ರಯೋಗಶಾಲೆಯಲ್ಲಿ ಅಳೆದು ತಾಳೆ ನೋಡಬೇಕು. ಜಗತ್ತಿನ ಖಚಿತ ಉಲ್ಕಾಕುಳಿಗಳ ಪಟ್ಟಿಗೆ ಕಾವೇರಿ ಕುಳಿ ಇನ್ನೂ ಸೇರಿಲ್ಲ. ರಾಮಗಢ ಕಾದದ್ದು ನೂರೈವತ್ತೊಂದು ವರ್ಷ. ಕಾವೇರಿಯ ವಾದಕ್ಕೆ ಈಗಷ್ಟೇ ಮೊದಲ ದಶಕ.